ಎದುರು ಮನೆಯ ಬಾವಿ

ನಮ್ಮೂರಿನಲ್ಲಿ ಯಾರೂ ಸ್ವಂತ ಅಂಗಳದ ಬಾವಿಯಿಂದ ನೀರು ಸೇದುವುದಿಲ್ಲ. ಎದುರು ಮನೆಯವರ ಬಾವಿ ನಮಗೆ, ನಮ್ಮ ಬಾವಿ ಎದುರು ಮನೆಯವರಿಗೆ. ಬೆಳಿಗ್ಗೆ ಎದ್ದು ಹಗ್ಗ, ಕೊಡಪಾನ ಹಿಡಿದು ಬೀದಿ ದಾಟಬೇಕು, ಇನ್ನೊಬ್ಬರ ಗೇಟು ತೆಗೆಯಬೇಕು, ‘ಬಂದೆ’ ಎಂದು ಒಂದು ಮಾತು ಹೇಳಿ ಹಗ್ಗ ಇಳಿಸಬೇಕು. ದಿನಕ್ಕೆ ಹನ್ನೆರಡು ಕೊಡ. ಯಾರ ಅಂಗಳವೋ ಅವರು ಜಗಲಿಯಲ್ಲಿ ಕೂತು ನೋಡುತ್ತಿರುತ್ತಾರೆ. ಸ್ವಂತ ಬಾವಿಗೆ ಹಗ್ಗ ಇಳಿಸಿದವರ ಬಾವಿ ಉಪ್ಪಾಗುತ್ತದೆ. ಬೆಂಕಿ ಸುಡುತ್ತದೆ ಎಂಬುದನ್ನು ಒಪ್ಪಿಕೊಂಡಂತೆ ಇದನ್ನೂ ನಾವು ಒಪ್ಪಿಕೊಂಡಿದ್ದೇವೆ.

ಒಮ್ಮೆ ಹೊರಗಿನಿಂದ ನೀರಿನ ವಿಷಯ ಓದಿದವರೊಬ್ಬರು ಪೆಟ್ಟಿಗೆ, ತಂತಿ, ಗಾಜಿನ ಕೊಳವೆಗಳನ್ನು ಹೊತ್ತು ದೋಣಿ ಇಳಿದರು. ಈ ದ್ವೀಪವೆಲ್ಲ ನಮ್ಮ ಗುಡ್ಡ ಒಂದಾನೊಂದು ಕಾಲದಲ್ಲಿ ಕಕ್ಕಿದ ಕಲ್ಲು, ಕಲ್ಲಿನ ತುಂಬ ತೂತು, ಅದಕ್ಕೇ ಇಲ್ಲಿ ಒಂದು ಹೊಳೆಯೂ ಇಲ್ಲ, ಬಿದ್ದ ಮಳೆಯೆಲ್ಲ ನೇರ ಕೆಳಗಿಳಿಯುತ್ತದೆ ಎಂದರು. ಇಳಿದ ಸಿಹಿನೀರು ಒಳಗೆ ನುಗ್ಗಿ ಬಂದ ಸಮುದ್ರದ ನೀರಿನ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ನಿಂತಿರುತ್ತದಂತೆ. ಕೆನೆಯನ್ನು ಹೆಚ್ಚು ತೆಗೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಯಾರ ಅಂಗಳದಲ್ಲಿ ಯಾರು ಸೇದಿದರೂ ಒಂದೇ ಎಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಅವರು ಹೇಳಿದ್ದು ಸರಿಯೇ ಇರಬಹುದು, ನಾವು ಅಲ್ಲಗಳೆಯಲಿಲ್ಲ. ಕಾಫಿ ಕೊಟ್ಟು ಕಳಿಸಿದೆವು. ಮರುದಿನ ಬೆಳಿಗ್ಗೆ ಎಲ್ಲರೂ ಎಂದಿನಂತೆ ಬೀದಿ ದಾಟಿದೆವು.

ನನ್ನ ಎದುರು ಮನೆ ವಾರಿಜಕ್ಕನದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾಲಿಗೆ ಮಾತ್ರ ನನಗಿಂತ ಚುರುಕು. ಅವರ ಗಂಡ ಐತಪ್ಪ ಮಾವನಿಗೆ ಕಿವಿ ಮಂದ, ಅದಕ್ಕೇ ಆ ಮನೆಯ ಎಲ್ಲ ಮಾತೂ ಬೀದಿಗೆ ಕೇಳುತ್ತದೆ. ಮೂರು ಕೇರಿಯ ಜನ ಜಗಳ ಹರಿಯದಿದ್ದರೆ ವಾರಿಜಕ್ಕನನ್ನು ಕರೆಯುತ್ತಾರೆ. ಅವರು ಕಂಡೆ ಎಂದರೆ ಕಂಡದ್ದು, ಇಲ್ಲ ಎಂದರೆ ಇಲ್ಲ. ಮದುವೆಯಾಗಿ ಬಂದಂದಿನಿಂದ ಇಪ್ಪತ್ತೇಳು ವರ್ಷ ನಾನು ಅವರ ಅಂಗಳದ ಬಾವಿಯ ನೀರು ಕುಡಿದಿದ್ದೇನೆ, ಅವರು ನನ್ನ ಅಂಗಳದ್ದು. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ ಹದಿಮೂರನೆಯ ಕೊಡಕ್ಕೆ ಅವರು ಹೂಂ ಎಂದದ್ದಿಲ್ಲ. ನನ್ನ ಗಂಡ ತೀರಿಕೊಂಡ ದಿನ ತಾನೇ ಬಂದು ನನ್ನ ಮನೆಯ ಒಲೆ ಹಚ್ಚಿದರು, ಆದರೆ ಆ ದಿನವೂ ಹನ್ನೆರಡೇ.

ನಮ್ಮಲ್ಲಿ ಮದುವೆಗಳೆಲ್ಲ ಮಳೆಗಾಲದಲ್ಲಿ. ಮಾಡಿನಿಂದ ಇಳಿಯುವ ನೀರನ್ನು ಹಂಡೆಗೆ ಹಿಡಿದರೆ ಅಡಿಗೆಗಾಯಿತು, ಬಾವಿಯ ಹಂಗಿಲ್ಲ. ಊರಿನ ಮದುವೆ ಫೋಟೊಗಳಲ್ಲಿ ಮುಖಗಳಿಗಿಂತ ಕೊಡೆಗಳೇ ಹೆಚ್ಚು. ಆದರೆ ನನ್ನ ಮಗಳು ಪ್ರಫುಲ್ಲಳಿಗೆ ಗೊತ್ತಾದ ಹುಡುಗ, ಮೇಲಿನ ಕೇರಿಯ ಲೋಕು, ಹಡಗಿನ ಇಂಜಿನ್ ಕೆಲಸದವನು. ಮಳೆ ಹಿಡಿಯುವ ಮೊದಲೇ ಹಡಗು ಹತ್ತಬೇಕು, ಹತ್ತಿದರೆ ಎರಡು ವರ್ಷ. ಹಾಗಾಗಿ ಅವನ ತಾಯಿ ಸೇಸಮ್ಮ ಸುಡುಬಿಸಿಲಿನ ತಿಂಗಳಲ್ಲಿ ದಿನ ಇಟ್ಟರು. ನಾನು ಒಪ್ಪಿದೆ. ಪ್ರಫುಲ್ಲ ಮೂರು ವರ್ಷದಿಂದ ಅವನನ್ನೇ ಮನಸ್ಸಿನಲ್ಲಿಟ್ಟುಕೊಂಡವಳು, ಒಪ್ಪದೆ ಏನು ಮಾಡಲಿ?

ಮದುವೆಗೆ ನಾಲ್ಕು ದಿನ ಮುಂಚೆ ನೀರು ನೋಡುವ ಶಾಸ್ತ್ರ. ಹುಡುಗನ ತಾಯಿ ಹುಡುಗಿಯ ಮನೆಗೆ ಬರುತ್ತಾರೆ. ಆ ಅಂಗಳದ ಬಾವಿಯಿಂದ ಎದುರು ಮನೆಯವರು ನೀರು ಸೇದಿ, ತಾವು ಮೊದಲು ಒಂದು ಗುಟುಕು ಕುಡಿದು, ‘ಸಿಹಿ ಉಂಟು’ ಎಂದು ಲೋಟ ಕೊಡುತ್ತಾರೆ. ಹುಡುಗನ ತಾಯಿ ಉಳಿದದ್ದನ್ನು ಕುಡಿದರೆ ಸಂಬಂಧ ಗಟ್ಟಿಯಾಯಿತು. ಹುಡುಗಿಯ ಬಣ್ಣ, ಎತ್ತರ, ಓದು ಎಲ್ಲ ಆಮೇಲಿನ ಮಾತು. ತಮ್ಮ ಅಂಗಳದಲ್ಲೇ ಇದ್ದರೂ ಇನ್ನೊಬ್ಬರ ನೀರನ್ನು ಮುಟ್ಟದೆ ಬಾಳಿದವರೇ ಎಂಬುದೊಂದು ತಿಳಿದರೆ ಅವರಿಗೆ ಸಾಕು.

ಶಾಸ್ತ್ರಕ್ಕೆ ಇನ್ನೂ ಆರು ದಿನ ಇರುವಾಗ ನನ್ನ ಮೂವರು ನಾದಿನಿಯರು ದ್ವೀಪದ ಆಚೆ ಕೊನೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದಿಳಿದರು. ಬಂದವರು ಮೊದಲು ಕೇಳಿದ್ದು ಸ್ನಾನಕ್ಕೆ ನೀರು. ಹನ್ನೆರಡು ಕೊಡ ಹತ್ತು ಗಂಟೆಗೇ ಮುಗಿಯಿತು. ಅಡಿಗೆಗೆಂದು ತಂದಿಟ್ಟ ಎರಡು ದೊಡ್ಡ ಡ್ರಮ್ಮುಗಳು ಬಾಯಿ ತೆರೆದು ಕೂತಿದ್ದವು. ದಿನಕ್ಕೆರಡು ಕೊಡ ಉಳಿಸಿ ತುಂಬಿಸಬೇಕೆಂದು ನಾನು ಹಾಕಿದ ಲೆಕ್ಕ ಮಕ್ಕಳ ಮೈಮೇಲೆ ಹರಿದುಹೋಯಿತು. ಹಗ್ಗ ಹಿಡಿದು ಇನ್ನೊಮ್ಮೆ ಬೀದಿ ದಾಟಿದೆ.

“ಹನ್ನೆರಡು ಆಯ್ತಲ್ಲ ಸುಗಂಧಿ,” ಎಂದರು ವಾರಿಜಕ್ಕ, ಕೂತಲ್ಲಿಂದಲೇ.

“ಮದುವೆ ಮನೆ ಅಕ್ಕ. ಇನ್ನು ಎರಡೇ ಎರಡು.”

“ಮದುವೆ ನಿನ್ನ ಮನೆಯಲ್ಲಿ. ಬಾವಿಗೆ ಎಂತ ಗೊತ್ತು ಮದುವೆ? ನಾಳೆ ಬಾ.”

ನನ್ನ ನಾದಿನಿಯರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ದೊಡ್ಡವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಖಾಲಿ ಕೊಡ ಹೊತ್ತು ಹಿಂದೆ ಬರುವಾಗ ಆ ಬೀದಿ ಎಷ್ಟು ಅಗಲವಿದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಮಧ್ಯಾಹ್ನ ನಾದಿನಿಯರು ಪ್ರಫುಲ್ಲಳನ್ನು ಕರೆದುಕೊಂಡು ಸೀರೆ ನೋಡಲು ಬಂದರಿನ ಪೇಟೆಗೆ ಹೋದರು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎದುರು ಮನೆಯಲ್ಲಿ ಐತಪ್ಪ ಮಾವನ ಗೊರಕೆ. ನಾನು ನನ್ನ ಹಗ್ಗವನ್ನು ನನ್ನ ಅಂಗಳದ ಬಾವಿಯ ರಾಟೆಗೆ ಹಾಕಿದೆ. ಯಾರೂ ತಳ್ಳಿದ್ದಲ್ಲ, ಕೈ ತಪ್ಪಿದ್ದೂ ಅಲ್ಲ. ಇದು ನನ್ನ ಗಂಡನ ಅಜ್ಜ ತೋಡಿಸಿದ ಬಾವಿ, ನನ್ನ ಅಂಗಳ, ನನ್ನ ಮಗಳ ಮದುವೆ ಎಂದು ಒಳಗೊಳಗೇ ಹೇಳಿಕೊಂಡೆ. ಹಿಂದೆಲ್ಲ ಉಪ್ಪಾದದ್ದು ಬೇರೆಯವರ ಬಾವಿ, ನನ್ನದಾಗಲಿಕ್ಕಿಲ್ಲ ಎಂದೂ ಅಂದುಕೊಂಡೆ. ತಪ್ಪು ಮಾಡುವವರೆಲ್ಲ ಹೀಗೆಯೇ ಅಂದುಕೊಳ್ಳುತ್ತಾರೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಕೊಡ ಮೇಲೆ ಬಂದಾಗ ಬೊಗಸೆಯಲ್ಲಿ ತೆಗೆದು ಕುಡಿದೆ. ಇಪ್ಪತ್ತೇಳು ವರ್ಷ ಆ ಬಾವಿಕಟ್ಟೆಯನ್ನು ಗುಡಿಸಿದವಳು, ಸಾರಿಸಿದವಳು, ಅದರ ನೀರಿನ ರುಚಿ ನನಗೆ ಗೊತ್ತಿರಲಿಲ್ಲ. ಎಂಥ ತಂಪು, ಎಂಥ ಸಿಹಿ! ವಾರಿಜಕ್ಕನ ಅಂಗಳದ ನೀರಿಗಿಂತ ಒಂದು ತೂಕ ಮೇಲೆ. ಇಷ್ಟು ವರ್ಷ ಈ ಮುದುಕಿ ಇಂಥದ್ದನ್ನು ಕುಡಿದಳಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಬೀದಿ ದಾಟುವುದಿಲ್ಲ, ಯಾರನ್ನೂ ಕೇಳುವುದಿಲ್ಲ, ಯಾರೂ ನೋಡುವುದಿಲ್ಲ. ಕೈ ತಾನಾಗಿಯೇ ಓಡಿತು. ಒಂದು ಡ್ರಮ್ಮು ತುಂಬಿತು. ಎರಡನೆಯದು ಮುಕ್ಕಾಲಾಯಿತು. ಬೆವರು ಒರೆಸಿಕೊಂಡು ಇನ್ನೊಂದು ಬೊಗಸೆ ಕುಡಿದೆ. ಕೂಡಲೇ ಉಗುಳಿದೆ.

ಮರುದಿನ ಬೆಳಿಗ್ಗೆ ವಾರಿಜಕ್ಕ ಎಂದಿನಂತೆ ಬಂದರು. “ಬಂದೆ,” ಎಂದರು. ನಾನು ಅಡಿಗೆಮನೆಯ ಕಿಟಕಿಯ ಹಿಂದೆ ನಿಂತಿದ್ದೆ. ಮೊದಲ ಕೊಡ ಎತ್ತಿ, ಅಭ್ಯಾಸದಂತೆ ಅಂಗೈಯಲ್ಲಿ ಸ್ವಲ್ಪ ತೆಗೆದು ಬಾಯಿಗೆ ಹಾಕಿಕೊಂಡರು. ಹಾಗೆಯೇ ನಿಂತರು. ಈಗ ಕೂಗುತ್ತಾರೆ, ಈಗ ಬೀದಿಯೆಲ್ಲ ಸೇರುತ್ತದೆ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅವರು ರಾಟೆಯನ್ನು ನೋಡಿದರು, ಚಪ್ಪರಕ್ಕೆಂದು ನೆಟ್ಟ ಕಂಬಗಳನ್ನು ನೋಡಿದರು. ಆಮೇಲೆ ಬಾಯಲ್ಲಿದ್ದುದನ್ನು ನುಂಗಿ ಎರಡನೆಯ ಕೊಡ ಇಳಿಸಿದರು. ಹನ್ನೆರಡೂ ಸೇದಿ, ಹನ್ನೆರಡನ್ನೂ ಹೊತ್ತು ಮನೆಗೆ ಹೋದರು.

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸುಮ್ಮನಿರುವಿಕೆ ನನ್ನನ್ನು ಕೊಂದುಹಾಕಿತು. ಮಧ್ಯಾಹ್ನ ಎದುರು ಮನೆಯಿಂದ ಐತಪ್ಪ ಮಾವನ ಕೂಗು: “ಬೇಳೆ ಬೆಂದೇ ಇಲ್ಲ ಮಾರಾಯ್ತಿ!”

“ಹಲ್ಲಿಲ್ಲದವರಿಗೆ ಎಲ್ಲ ಬೇಳೆಯೂ ಗಟ್ಟಿಯೇ. ಬಾಯಿ ಮುಚ್ಚಿ ಉಣ್ಣಿ!”

“ಚಹಾದ ಹಾಲೂ ಒಡೆದಿತ್ತು!”

“ನಿಮ್ಮ ಕಣ್ಣು ಒಡೆದದ್ದು!”

ಮೂರನೆಯ ದಿನ ಅವರ ಹಗ್ಗದ ಮೇಲೆ ಒಣಗಿದ ಬಟ್ಟೆಗಳು ರಟ್ಟಿನ ಹಾಗೆ ಸೆಟೆದು ನಿಂತವು. ನಾಲ್ಕನೆಯ ದಿನ ಅವರ ಬಸಳೆ ಚಪ್ಪರದ ಎಲೆಗಳ ಅಂಚು ಕಂದಿತು. ನಾನು ಅವರ ಅಂಗಳದಲ್ಲೇ ಸೇದಿದ ಸಿಹಿನೀರಿನ ಒಂದು ಕೊಡವನ್ನು ಅವರ ಜಗಲಿಯ ಮೇಲಿಟ್ಟು, “ಇವತ್ತು ನಮಗೆ ಒಂದು ಕೊಡ ಹೆಚ್ಚಾಯ್ತು ಅಕ್ಕ, ನಿಮಗಿರಲಿ,” ಎಂದೆ.

“ಯಾಕೆ? ನನಗೆ ನೀರಿಲ್ವಾ? ನಿನ್ನ ಅಂಗಳದಲ್ಲಿ ಬೇಕಾದಷ್ಟು ಉಂಟಲ್ಲ. ತಗೊಂಡು ಹೋಗು,” ಎಂದರು. ಅವರ ತುಟಿ ಒಡೆದು ಬಿಳಿಚಿಕೊಂಡಿತ್ತು. ಎಲ್ಲ ಗೊತ್ತು ಎಂಬುದು ನನಗೆ ಗೊತ್ತು, ನನಗೆ ಗೊತ್ತು ಎಂಬುದು ಅವರಿಗೂ ಗೊತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಒಳಗೆ ಪ್ರಫುಲ್ಲ ತನ್ನ ಸೀರೆಗಳನ್ನು ಹದಿನೈದನೆಯ ಸಲ ಮಡಚುತ್ತಿದ್ದಳು. ನಾನು ಕೊಡ ಹೊತ್ತು ವಾಪಸು ಬಂದೆ.

ಶಾಸ್ತ್ರದ ದಿನ ಸೇಸಮ್ಮ ಹತ್ತು ಗಂಟೆಗೆ ಬಂದರು. ಮಿತಮಾತಿನ ಹೆಂಗಸು, ನಕ್ಕರೂ ಕಣ್ಣು ಬೇರೆಲ್ಲೋ ಇರುತ್ತದೆ. ಜೊತೆಗೆ ಅವರ ಕಡೆಯ ಏಳೆಂಟು ಜನ, ನಮ್ಮ ಬೀದಿಯವರು, ನಾದಿನಿಯರು, ಎಲ್ಲರೂ ಬಾವಿಕಟ್ಟೆಯ ಸುತ್ತ. ಪ್ರಫುಲ್ಲ ಹೊಸ್ತಿಲಲ್ಲಿ ನಿಂತಿದ್ದಳು. ವಾರಿಜಕ್ಕ ಹಳೆಯ ಹಸಿರು ರೇಷ್ಮೆ ಸೀರೆ ಉಟ್ಟು, ಬೆಳಗಿದ ಹಿತ್ತಾಳೆಯ ಲೋಟ ಹಿಡಿದು ಬೀದಿ ದಾಟಿ ಬಂದರು. ನನ್ನ ಮುಖ ನೋಡಲಿಲ್ಲ. ರಾಟೆ ಕಿರುಗುಟ್ಟಿತು, ಕೊಡ ಮೇಲೆ ಬಂತು, ಲೋಟಕ್ಕೆ ಬಗ್ಗಿಸಿದರು, ಒಂದು ಗುಟುಕು ಕುಡಿದರು. ಅವರ ಗಂಟಲು ಅಲುಗಿದ್ದು ನನಗೆ ಕಂಡಿತು. ಮುಖದಲ್ಲಿ ಏನೂ ಬದಲಾಗಲಿಲ್ಲ.

ಅವರು ಏನು ಹೇಳಲಿದ್ದಾರೆಂದು ನನಗೆ ಅರ್ಥವಾಯಿತು. ಜೀವಮಾನದಲ್ಲಿ ಒಂದು ಸುಳ್ಳು ಹೇಳದ ಬಾಯಿ, ಮೂರು ಕೇರಿಯ ಜನ ನಂಬಿದ ಬಾಯಿ, ನನ್ನ ಮಗಳಿಗಾಗಿ ಇಷ್ಟು ಜನರೆದುರು ಸಿಹಿ ಎನ್ನಲು ತೆರೆಯುತ್ತಿದೆ. ಮರುಗಳಿಗೆ ಸೇಸಮ್ಮ ಕುಡಿಯುತ್ತಾರೆ. ಆಮೇಲೆ ಈ ಊರಿನಲ್ಲಿ ವಾರಿಜಕ್ಕನ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಮಗಳ ಕಡೆ ನೋಡಿದರೆ ನನ್ನಿಂದಾಗುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ನೋಡಲಿಲ್ಲ.

“ಉಪ್ಪುಂಟು,” ಎಂದೆ. “ಕುಡೀಬೇಡಿ. ನಾನೇ ಸೇದಿದ್ದು.”

ಸೇಸಮ್ಮ ಕೈ ಚಾಚಿ ವಾರಿಜಕ್ಕನಿಂದ ಲೋಟ ತೆಗೆದುಕೊಂಡರು. ತುಂಬು ಗುಟುಕು ಕುಡಿದು, ಉಗುಳದೆ ನುಂಗಿದರು.

“ಎಷ್ಟು ದಿನ ಆಯ್ತು?”

“ಆರು.”

ಅವರು ವಾರಿಜಕ್ಕನ ಕಡೆ ತಿರುಗಿದರು. “ಆರು ದಿನದಿಂದ ನೀವು ಇದನ್ನೇ ಕುಡೀತಾ ಇದ್ದೀರಾ?”

“ಮತ್ತೆ ಎಂತ ಕುಡಿಯುವುದು?”

“ಒಂದು ಮಾತು ಹೇಳ್ಬಹುದಿತ್ತಲ್ಲ ಅಮ್ಮ.”

“ಮದುವೆಯೊಂದು ಮುಗೀಲಿ, ಆಮೇಲೆ ಇವಳಿಗೆ ಸರಿಯಾಗಿ ಬಯ್ಯುವ ಅಂತ ಇದ್ದೆ,” ಎಂದರು ವಾರಿಜಕ್ಕ. ಆಮೇಲೆ ನನ್ನತ್ತ ತಿರುಗಿ, “ಆರು ದಿನ ತಡ್ಕೊಂಡವಳಿಗೆ ಇನ್ನು ಅರ್ಧ ಗಳಿಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ವಾ? ನಾನು ಉಪ್ಪು ಕುಡಿದದ್ದೆಲ್ಲ ದಂಡ ಮಾಡಿದೆಯಲ್ಲ ಮಾರಾಯ್ತಿ!” ಎಂದು ರೇಗಿದರು. ಅವರ ಕಣ್ಣು ತುಂಬಿತ್ತು.

ಸೇಸಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟರು. ನಂತರ ಹೊಸ್ತಿಲಿನತ್ತ ನೋಡಿ, “ಹುಡುಗಿ ಬರ್ಲಿ. ಸೇದಿದ್ದು ಅವಳಲ್ಲ. ಇಂಥ ಎದುರು ಮನೆ ನೋಡಿ ಬೆಳೆದವಳು, ನಮ್ಮ ಎದುರು ಮನೆಯವರಿಗೂ ಹಾಗೇ ಇರ್ತಾಳೆ,” ಎಂದರು. ನಾನು ಕೈ ಮುಗಿಯಲು ಹೋದೆ. ಅವರು ತಡೆದರು. “ನಿಮಗೆ ಬೇರೆ ಮಾತುಂಟು ಸುಗಂಧಿಯವರೇ. ಈ ಬಾವಿ ಸಿಹಿ ಆಗುವವರೆಗೆ ನೀವು ನಮ್ಮ ಅಂಗಳಕ್ಕೆ ಕಾಲಿಡ್ಬೇಡಿ. ಅಲ್ಲಿರುವುದು ನಮ್ಮ ಎದುರು ಮನೆಯವರ ನೀರು. ಅವರಿಗೆ ನಾನು ಎಂತ ಹೇಳ್ಲಿ?”

ಕೆಟ್ಟ ಬಾವಿ ಸಿಹಿಯಾಗಲು ಕಡಿಮೆಯೆಂದರೂ ಏಳೆಂಟು ಮಳೆಗಾಲ ಬೇಕು. ಕೆಲವು ಆಗುವುದೇ ಇಲ್ಲ. ನಾನು ಆಗಲಿ ಎಂದೆ. ಬೇರೆ ಯಾರಾದರೂ ಬಾಯಿ ಹಾಕುವ ಮೊದಲೇ ಎಂದೆ. ಒಳಗೆ ಪ್ರಫುಲ್ಲ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

ಮದುವೆ ನಡೆಯಿತು. ನಮ್ಮ ಬೀದಿಯವರು ಒಬ್ಬೊಬ್ಬರೂ ತಮ್ಮ ಪಾಲಿನಿಂದ ಒಂದೊಂದು ಕೊಡ ನೀರು ಸೊಂಟದಲ್ಲಿಟ್ಟುಕೊಂಡು ಊಟಕ್ಕೆ ಬಂದರು. ಕೊಡವನ್ನು ಚಪ್ಪರದ ಮೂಲೆಯಲ್ಲಿಟ್ಟು ಎಲೆಯ ಮುಂದೆ ಕೂತರು. ನನ್ನ ಡ್ರಮ್ಮುಗಳ ನೀರನ್ನು ನಾನೇ ಬಗ್ಗಿಸಿ ಚೆಲ್ಲಿದ್ದೆ. ಹೊರಡುವಾಗ ಪ್ರಫುಲ್ಲ ನನ್ನನ್ನು ಅಪ್ಪಿಕೊಂಡು, “ಎಂಥ ಕೆಲಸ ಮಾಡಿದೆ ಅಮ್ಮ,” ಎಂದಳು. ಸೇದಿದ್ದಕ್ಕೆ ಅಂದಳೋ, ಹೇಳಿದ್ದಕ್ಕೆ ಅಂದಳೋ ನಾನು ಕೇಳಲಿಲ್ಲ.

ನನ್ನ ಅಂಗಳದ ಬಾವಿಗೆ ಕರಿಕಲ್ಲಿನ ಚಪ್ಪಡಿ ಮುಚ್ಚಿದೆವು. ಈಗ ಎರಡು ಮನೆಗೆ ಒಂದೇ ಬಾವಿ, ಅದು ವಾರಿಜಕ್ಕನ ಅಂಗಳದ್ದು, ಅವರು ಅದನ್ನು ಮುಟ್ಟುವಂತಿಲ್ಲ. ನಾನು ದಿನಾ ಹನ್ನೆರಡು ಸೇದಿ ಆರನ್ನು ಅವರ ಅಡಿಗೆಮನೆಗೆ ಹಾಕಿ, ಆರನ್ನು ನನ್ನಲ್ಲಿಗೆ ತರುತ್ತೇನೆ. ವಾರಿಜಕ್ಕ ಬಯ್ಯುವುದನ್ನು ಕಂತಿನಲ್ಲಿ ಮುಗಿಸುತ್ತಿದ್ದಾರೆ, ದಿನಕ್ಕಿಷ್ಟು ಎಂದು. ಲೋಕು ಹಡಗು ಹತ್ತಿ ಹೋದ. ಅಷ್ಟರಲ್ಲೇ ಪ್ರಫುಲ್ಲ ಬಸುರಿಯಾಗಿದ್ದಳು. ಬಾಣಂತನಕ್ಕೆ ತವರಿಗೆ ಕರೆತರುವುದು ಪದ್ಧತಿ, ಆದರೆ ಆರು ಕೊಡ ನೀರಿನಲ್ಲಿ ಬಾಣಂತಿ, ಮಗು ಎರಡನ್ನೂ ಮೀಯಿಸುವುದು ಹೇಗೆ? ಹೆರಿಗೆ ಮೇಲಿನ ಕೇರಿಯಲ್ಲೇ ಆಯಿತು. ಹೆಣ್ಣುಮಗು ಎಂದು ಯಾರೋ ಬಂದು ಹೇಳಿಹೋದರು.

ತೊಟ್ಟಿಲು ಹಾಕುವ ದಿನ ನನ್ನ ಬದಲಿಗೆ ವಾರಿಜಕ್ಕ ಹೊರಟರು. ನಾನು ಹೊಲಿದ ನಾಲ್ಕು ಅಂಗಿ, ಕಾಡಿಗೆ ಡಬ್ಬಿ, ಕೈಗೆ ಕಟ್ಟುವ ಕರಿಮಣಿ ಎಲ್ಲ ಗಂಟು ಕಟ್ಟಿ ಕೊಟ್ಟೆ. ಮೇಲಿನ ಕೇರಿಗೆ ಗುಡ್ಡ ಹತ್ತಿ ಎರಡು ಗಂಟೆಯ ದಾರಿ, ಒಂದು ಮರದ ನೆರಳಿಲ್ಲ, ಕಾಲಡಿ ಕಾದ ಕರಿಕಲ್ಲು. “ಈ ಬಿಸಿಲಲ್ಲಿ ಬೇಡ ಅಕ್ಕ,” ಎಂದರೆ ಕೇಳಲಿಲ್ಲ. ಆ ಇಡೀ ದಿನ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಜಗಲಿಯಲ್ಲಿ ಕೂತು ಗುಡ್ಡದ ದಾರಿ ನೋಡಿದೆ.

ಸಂಜೆಯ ಹೊತ್ತಿಗೆ ಬಂದರು. ಅವರ ಮನೆಗೆ ಹೋಗದೆ ನೇರ ನನ್ನ ಜಗಲಿಗೆ ಬಂದು ಕಂಬಕ್ಕೊರಗಿ ಕೂತರು. ಮುಖ ಕೆಂಪೇರಿತ್ತು, ಉಸಿರು ಮೇಲೆ ಕೆಳಗೆ.

“ಮಗು ಯಾರ ಹಾಗುಂಟು ಅಕ್ಕ?”

“ನಿನ್ನದೇ ಮೂಗು, ಪಾಪ. ಬೆರಳು ಕೊಟ್ಟರೆ ಹಿಡಿದದ್ದು ಬಿಡುವುದಿಲ್ಲ. ನಿನ್ನ ಮಗಳು ಎದ್ದು ಓಡಾಡ್ತಾ ಇದ್ದಾಳೆ. ನೀನು ಹೊಲಿದ ಅಂಗಿಯನ್ನೇ ಹಾಕಿ ತೊಟ್ಟಿಲಿಗೆ ಮಲಗಿಸಿದ್ರು, ಸೇಸಮ್ಮನೇ ಹಾಕಿದ್ದು.” ಮಾತು ತಡೆದು ತಡೆದು ಬರುತ್ತಿತ್ತು, ನಾಲಿಗೆ ಅಂಗುಳಿಗೆ ಅಂಟಿದ ಹಾಗೆ. “ಮೊದಲು ನೀರು ಕೊಡು.”

“ಅಲ್ಲಿ ಊಟ ಮಾಡ್ಲಿಲ್ವಾ?”

“ಮಾಡಿದೆ. ಪಾಯಸವೂ ತಿಂದೆ.”

“ಮತ್ತೆ ನೀರು?”

“ಅವರ ಮನೆ ನೀರು ನನಗೆ ಹಿಡಿಸುವುದಿಲ್ಲ,” ಎಂದು ಮುಖ ಆಚೆ ತಿರುಗಿಸಿದರು.

ಮೇಲಿನ ಕೇರಿಯ ನೀರೆಂದರೆ ಈ ದ್ವೀಪದಲ್ಲೇ ಸಿಹಿ, ಅದು ಹುಟ್ಟಿದ ಮಕ್ಕಳಿಗೂ ಗೊತ್ತು. ನಾನು ಒಳಗೆ ಹೋಗಿ ಕೊಡವನ್ನೇ ಎತ್ತಿ ತಂದು ಬಗ್ಗಿಸಿಕೊಟ್ಟೆ. ಒಂದು ಲೋಟ ಕುಡಿದರು, ಎರಡು, ಮೂರು. ನಾನು ಕಾಲಿಡಬಾರದ ಅಂಗಳದ ನೀರನ್ನು ಅವರು ಮುಟ್ಟಿರಲಿಲ್ಲ, ಬೆಳಿಗ್ಗೆಯಿಂದ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ನಾಲ್ಕನೆಯ ಲೋಟ ಎತ್ತುವಾಗ ನೀರು ಸೀರೆಯ ಮೇಲೆ ಚೆಲ್ಲಿತು. ನಾನು ಪಕ್ಕದಲ್ಲಿ ಕೂತು ಲೋಟವನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಮುಗಿಯುವವರೆಗೆ ಕುಡಿಸಿದೆ.